ಎಂಟರ್‌ಪ್ರೈಸ್ ನೌಕೆಯಲ್ಲಿ ನಮ್ಮವ್ವ

ಮೊನ್ನೆ ಭಾನುವಾರ ಮೊಮ್ಮಗ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದವನು ‘ಅಜ್ಜಾ, ಈ ಚೂಪು ಕಿವಿಯ ಅಂಕಲ್ ಯಾರು?’ ಎಂದು ಕೇಳಿದ. ನೋಡಿದರೆ ನಮ್ಮ ಸ್ಪಾಕ್! ‘ಅಂವ ನಿಮ್ಮ ಮುತ್ತಜ್ಜಿಗೆ ಭಾಳ ಬೇಕಾದವ’ ಎಂದೆ. ಹುಡುಗ ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಇಂಡಿ ತಾಲೂಕಿನ ಹಳ್ಳಿಯ, ಸಹಿ ಬಿಟ್ಟು ಇನ್ನೊಂದಕ್ಷರ ಬಾರದ ಹೆಂಗಸಿಗೂ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಗೂ ಏನು ಸಂಬಂಧ ಅಂತ ಕೇಳುವುದು ನ್ಯಾಯವೇ. ಆದರೆ ಸಂಬಂಧ ಇತ್ತು. ಅದನ್ನೇ ಇವತ್ತು ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟಾರ್ ಟ್ರೆಕ್ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ಕ್ಕೆ. ಮೂರು ವರ್ಷ, 79 ಕಂತು. ನೋಡುವವರು ಸಾಲದೆಂದು 1969ರ ಜೂನ್ 3ಕ್ಕೆ ಅಂಗಡಿ ಮುಚ್ಚಿದರು. ಅದಾದ 47 ದಿನಕ್ಕೆ ಮನುಷ್ಯ ನಿಜವಾಗಿಯೂ ಚಂದ್ರನ ಮೇಲೆ ಇಳಿದ! ಗ್ರಹಚಾರ ಅಂದರೆ ಇದು. ಆಮೇಲೆ ಮರುಪ್ರಸಾರದಲ್ಲಿ ಅದು ಯಾವ ಪರಿ ಜನಪ್ರಿಯವಾಯಿತೆಂದರೆ, 1976ರಲ್ಲಿ ಅಭಿಮಾನಿಗಳು ಪತ್ರ ಬರೆದು ಬರೆದು ಅಮೆರಿಕದ ಮೊದಲ ಪ್ರಯೋಗ ಶಟಲ್ಲಿಗೆ ಎಂಟರ್‌ಪ್ರೈಸ್ ಎಂದೇ ಹೆಸರು ಇಡಿಸಿದರು. ನಮ್ಮ ದೂರದರ್ಶನಕ್ಕೆ ಅದು ಬಂದದ್ದು 1980ರ ದಶಕದ ನಡುವಿನಲ್ಲಿ, ಭಾನುವಾರ ಬೆಳಿಗ್ಗೆ, ಅಪ್ಪಟ ಇಂಗ್ಲಿಷಿನಲ್ಲಿ.

ಆಗ ನಾವು ಪುಣೆಯ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದು ಬಾಡಿಗೆಗಿದ್ದೆವು. ಐಟಿಐ ಮುಗಿಸಿ ಪಿಂಪರಿ ಕಡೆ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ನಿಂತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆದುಕೊಂಡು ಬಂದೆ. ಕರೆದುಕೊಂಡು ಬಂದೆ ಅನ್ನುವುದಕ್ಕಿಂತ ಎಳೆದುಕೊಂಡು ಬಂದೆ ಅನ್ನಬೇಕು. ಅವಳಿಗೆ ಮರಾಠಿ ಬಾರದು. ನಾನು ಶಿಫ್ಟಿಗೆ ಹೋದರೆ ಸಂಜೆವರೆಗೆ ಅವಳ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ನೀರು ಬಿಡುವ ಹೊತ್ತಿಗೆ ನಳದ ಹತ್ತಿರ ಹೆಂಗಸರೆಲ್ಲ ಗದ್ದಲ ಮಾಡುತ್ತಿದ್ದರೆ ಇವಳು ಕೊಡ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. ದಿನಾ ರಾತ್ರಿ ಒಂದೇ ಮಾತು: ‘ತಮ್ಮಾ, ನನ್ನ ಊರಿಗೆ ಬಿಟ್ಟು ಬಾರಪಾ.’

ವಾಡೆಯ ಮಾಲಕರ ಮನೆಯಲ್ಲಿ ಮಾತ್ರ ಟಿವಿ ಇತ್ತು. ಎರಡು ಬದಿಗೆ ಸರಿಸುವ ಕಟ್ಟಿಗೆಯ ಬಾಗಿಲು ಇರುತ್ತಿತ್ತಲ್ಲ, ಆ ಕಪ್ಪು ಬಿಳುಪಿನದು. ಭಾನುವಾರ ಬೆಳಿಗ್ಗೆ ಬಾಡಿಗೆದಾರರಿಗೂ ಪ್ರವೇಶ. ಮೊದಲ ದಿನ ಮಾಲಕರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದೆವು, ಇವಳು ಟಿವಿಯನ್ನೇ ನೋಡಿರಲಿಕ್ಕಿಲ್ಲ ಅಂತ ತಿಳಿದು ಕೈಸನ್ನೆಯಲ್ಲಿ ವಿವರಿಸತೊಡಗಿದರು. ಅವ್ವ ನನ್ನ ಕಡೆ ತಿರುಗಿ ‘ಇವರಿಗೆ ಟೀವಿ ಎಲ್ಲಿಂದ ಬರತದ ಕೇಳು’ ಅಂದಳು. ಕೇಳಿದೆ. ಸಿಂಹಗಡದ ಮೇಲೆ ಟವರ್ ಇದೆ, ಅಲ್ಲಿಂದ ಬರುತ್ತದೆ ಅಂದರು ಕಾಕು, ಹೆಮ್ಮೆಯಿಂದ. ಅವ್ವ ಅಂದಳು: ‘ಗುಡ್ಡದಿಂದೇನು? ನಮ್ಮೂರಾಗ ಸೀದಾ ಆಕಾಶದಿಂದನ ಬರತಿತ್ತು.’

ಇದು ಬಡಾಯಿ ಅಲ್ಲ ಸ್ವಾಮಿ, ಇತಿಹಾಸ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ತಂದು ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದರು. ಸೈಟ್ ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬೆಂಗಳೂರಲ್ಲ, ಮೈಸೂರಲ್ಲ, ನಮ್ಮ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು! ಪಂಚಾಯತಿ ಕಟ್ಟೆಯ ಮೇಲೆ ಟಿವಿ, ಮಾಳಿಗೆಯ ಮೇಲೆ ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ಬುಟ್ಟಿಯಂಥ ಆಂಟೆನಾ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅಂದರೆ ರಾಜಧಾನಿಯ ಬುದ್ಧಿವಂತರಿಗಿಂತ ಆರು ವರ್ಷ ಮೊದಲೇ ನಮ್ಮ ಕಡೆಯ ಮುದುಕಿಯರು ಉಪಗ್ರಹದಿಂದ ಕನ್ನಡ ಕೇಳಿ, ಚೆನ್ನಾಗಿಲ್ಲ ಅಂತ ಎದ್ದು ಹೋಗಿದ್ದರು. ಇಷ್ಟೆಲ್ಲ ಕಂಡವಳಿಗೆ ಎಂಟರ್‌ಪ್ರೈಸ್ ನೌಕೆ ಏನು ಮಹಾ?

ಆದರೆ ಭಾಷೆ? ಅದಕ್ಕೆ ನಾನಿದ್ದೆನಲ್ಲ! ನನ್ನ ಇಂಗ್ಲಿಷೋ, ಕನ್ನಡ ಮಾಧ್ಯಮದ ಐಟಿಐ ಇಂಗ್ಲಿಷು. ಗೊತ್ತಾದದ್ದನ್ನು ಹೇಳುತ್ತಿದ್ದೆ, ಗೊತ್ತಾಗದ್ದನ್ನು ಕಟ್ಟಿ ಹೇಳುತ್ತಿದ್ದೆ. ನೌಕೆ ‘ವಾರ್ಪ್’ ಮೇಲೆ ಓಡುತ್ತದೆ ಅನ್ನುತ್ತಾರಲ್ಲ, ಡಿಕ್ಷನರಿ ತೆಗೆದು ನೋಡಿದೆ. ‘ಹಾಸು, ನೇಯ್ಗೆಯ ಉದ್ದನೆಯ ನೂಲು’ ಅಂತಿತ್ತು. ಹಾಗೆಯೇ ಹೇಳಿದೆ. ಅವ್ವನಿಗೆ ಇದು ಸರಿಯಾಗಿ ಕೂತಿತು. ನೌಕೆಯ ಹೊಟ್ಟೆಯಲ್ಲಿ ದೊಡ್ಡದೊಂದು ಮಗ್ಗ ಇದೆ, ಆ ಸ್ಕಾಟಿ ಎಂಬ ದಪ್ಪನೆಯ ಮನುಷ್ಯ ನೇಕಾರ, ಎಳೆ ಹರಿದಾಗೆಲ್ಲ ಬಾಯಿ ಬಡಕೊಳ್ಳುತ್ತಾನೆ. ಜಾಗವನ್ನೇ ಬಗ್ಗಿಸಿ ಬೆಳಕಿಗಿಂತ ವೇಗವಾಗಿ ಹೋಗುವ ಕಲ್ಪನೆ ಅದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಈಗಲೂ ಅವ್ವನ ಮಗ್ಗವೇ ಹೆಚ್ಚು ಸಮಂಜಸ ಅನಿಸುತ್ತದೆ ನನಗೆ.

ಮನುಷ್ಯರನ್ನು ಮಿಣಮಿಣ ಮಿಂಚಿಸಿ ಮಾಯ ಮಾಡಿ ಬೇರೆ ಗ್ರಹದಲ್ಲಿ ಇಳಿಸುವ ಟ್ರಾನ್ಸ್‌ಪೋರ್ಟರ್ ಮಾತ್ರ ಅವಳಿಗೆ ಭಾಳ ಹಿಡಿಸಿತು. ಪ್ರತಿವಾರ ನೌಕೆ ನೆಲಕ್ಕಿಳಿಯುವುದನ್ನು ತೋರಿಸಲು ದುಡ್ಡಿಲ್ಲ ಅಂತ ಹುಟ್ಟಿಸಿದ ಉಪಾಯವಂತೆ ಅದು, ಬಡತನದ ಮಗು. ನಾವು ಊರಿಗೆ ಹೋಗಬೇಕೆಂದರೆ ಸೊಲ್ಲಾಪುರದಲ್ಲಿ ಇಳಿದು ಮೀಟರ್ ಗೇಜಿನ ಗಾಡಿಗೆ ಕಾಯಬೇಕಿತ್ತು. ‘ಆ ಮಷಿನ್ನು ಸೊಲ್ಲಾಪುರ ಸ್ಟೇಷನ್ನಿನಾಗ ಒಂದು ಇಟ್ಟಿದ್ರ ಆಗತಿತ್ತು’ ಅನ್ನುತ್ತಿದ್ದಳು.

ಇನ್ನು ಕಂತುಗಳ ಕಥೆ. ಎಲ್ಲ ಬೇಡ, ಅವ್ವ ತೀರ್ಪು ಕೊಟ್ಟ ಕೆಲವಷ್ಟೇ.

‘ದ ಮ್ಯಾನ್ ಟ್ರ್ಯಾಪ್’ ಅಮೆರಿಕದಲ್ಲಿ ಮೊಟ್ಟಮೊದಲು ಪ್ರಸಾರವಾದ ಕಂತು. ಒಂದು ಪ್ರಾಣಿ, ತನ್ನ ಕುಲದಲ್ಲಿ ಕೊನೆಯದು, ಬೇಕಾದವರ ರೂಪ ಧರಿಸಿ ಬಂದು ಮನುಷ್ಯರ ಮೈಯೊಳಗಿನ ಉಪ್ಪು ಹೀರುತ್ತದೆ. ಡಾಕ್ಟರ್ ಮೆಕಾಯ್‌ಗೆ ಹಳೆಯ ಪ್ರೇಯಸಿಯ ಹಾಗೆ ಕಾಣುತ್ತದೆ. ಕೊನೆಗೆ ಅವನೇ ಅದನ್ನು ಸುಡುತ್ತಾನೆ. ಅವ್ವ ಸಿಟ್ಟಿಗೆದ್ದಳು. ‘ಅಷ್ಟು ದೊಡ್ಡ ಹಡಗಿನಾಗ ಒಂದು ಚೀಲ ಉಪ್ಪಿಲ್ಲೇನು? ಕೊಟ್ಟು ಕಳಿಸಿದ್ರ ಮುಗೀತಿತ್ತು.’ ವಿಮರ್ಶಕರು ಪುಸ್ತಕಗಟ್ಟಲೆ ಬರೆದಿದ್ದಾರೆ, ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕಂಡಿಲ್ಲ.

‘ಸ್ಪೇಸ್ ಸೀಡ್’ 1967ರದು. ಇದರಲ್ಲಿ ನಮ್ಮ ದೇಶದವನು ಬರುತ್ತಾನೆ ಅಂತ ವಾಡೆಗೆ ವಾಡೆಯೇ ನೆಟ್ಟಗೆ ಕೂತಿತು. ಹೆಸರು ಖಾನ್ ನೂನಿಯನ್ ಸಿಂಗ್. ಬಹುಶಃ ಉತ್ತರ ಭಾರತದ ಸಿಖ್ ಇರಬೇಕು ಅನ್ನುತ್ತಾಳೆ ನೌಕೆಯ ಇತಿಹಾಸಕಾರ್ತಿ. ಗಡ್ಡವಿಲ್ಲ, ಪಗಡಿ ಅವಳು ಬರೆದ ಚಿತ್ರದಲ್ಲಿ ಮಾತ್ರ. ಪಾತ್ರ ಮಾಡಿದ ರಿಕಾರ್ಡೋ ಮೊಂಟಲ್ಬಾನ್ ಮೆಕ್ಸಿಕೋದವನು. ಕಾಕು ಮೂಗು ಮುರಿದರು. ಕಥೆಯ ಪ್ರಕಾರ ಈ ಖಾನ್ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕಿಂತ ಹೆಚ್ಚನ್ನು ಆಳಿದ ಸರ್ವಾಧಿಕಾರಿ. ನಾವು ನೋಡುವಾಗ ಅದು ಇನ್ನೂ ಮುಂದಿತ್ತು. ಅವ್ವ ಚಿಂತೆ ಮಾಡಿದಳು, ನಾನು ಸಮಾಧಾನ ಹೇಳಿದೆ. 1996 ಬಂತು. ಖಾನ್ ಬರಲಿಲ್ಲ, ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದರು! ಇಂಥ ಕಥೆಯನ್ನು ಅಮೆರಿಕದವರೂ ಊಹಿಸಿರಲಿಲ್ಲ.

(ಅಂದ ಹಾಗೆ ಸ್ಟಾರ್ ಟ್ರೆಕ್ಕಿನಲ್ಲಿ ನಿಜವಾದ ಭಾರತೀಯಳೂ ಇದ್ದಾಳೆ. 1979ರ ಮೊದಲ ಸಿನಿಮಾದಲ್ಲಿ ಮುಂಬಯಿಯ ಪರ್ಸಿಸ್ ಖಂಬಾಟಾ, ತಲೆ ನುಣ್ಣಗೆ ಬೋಳಿಸಿಕೊಂಡು. ಫೋಟೋ ತೋರಿಸಿದಾಗ ಅವ್ವ ‘ತಿರುಪತಿಗೆ ಹೋಗಿ ಬಂದಾಳೇನು?’ ಅಂದಿದ್ದಳು.)

‘ಟ್ರಬಲ್ ವಿತ್ ಟ್ರಿಬಲ್ಸ್’ ಎಲ್ಲರಿಗೂ ಇಷ್ಟವಾದದ್ದು. ಉಣ್ಣೆಯ ಉಂಡೆಯಂಥ ಮುದ್ದು ಪ್ರಾಣಿಗಳು ತಿನ್ನುತ್ತವೆ, ಮರಿ ಹಾಕುತ್ತವೆ, ಮತ್ತೆ ತಿನ್ನುತ್ತವೆ. ಕಣಜದ ಬಾಗಿಲು ತೆಗೆದರೆ ಕ್ಯಾಪ್ಟನ್ ಕರ್ಕ್‌ನ ತಲೆಯ ಮೇಲೆ ರಾಶಿ ರಾಶಿ. ಸ್ಪಾಕ್ ಅಲ್ಲೇ ಲೆಕ್ಕ ಹೇಳುತ್ತಾನೆ: 17,71,561. ನಾನು ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಕೂತು ಗುಣಿಸಿ ನೋಡಿದೆ. ಒಂದಕ್ಕೆ ಹತ್ತು ಮರಿ, ಹನ್ನೆರಡು ತಾಸಿಗೊಂದು ಪೀಳಿಗೆ, ಮೂರು ದಿನ. ಅಂದರೆ ಹನ್ನೊಂದನ್ನು ಆರು ಸಲ ಗುಣಿಸಬೇಕು. ಲೆಕ್ಕ ಸರಿ ಇದೆ, ಒಂದೂ ಸಾಯದಿದ್ದರೆ. ಅವ್ವನಿಗೆ ಲೆಕ್ಕ ಬೇಕಿರಲಿಲ್ಲ. ‘ಹಗೇವಿನಾಗ ಇಲಿ ಬಿದ್ದಂಗಾತು’ ಅಂದಳು. ಜೋಳದ ಹಗೇವು ಅಂದರೇನು ಅಂತ ಕಾಕುಗೆ ಹೇಳಬೇಕಾಯಿತು. ನೆಲದೊಳಗಿನ ಕಣಜ, ಬಾಯಿ ಮುಚ್ಚಿ ಮಣ್ಣು ಮೆತ್ತುವುದು, ತೆಗೆದಾಗ ಒಳಗಿನ ಕೆಟ್ಟ ಗಾಳಿಗೆ ತಕ್ಷಣ ಇಳಿಯಬಾರದು... ನಾನು ಮರಾಠಿಗೆ ತಿರುಗಿಸುತ್ತಿದ್ದಂತೆ ಅವ್ವ ನನ್ನನ್ನು ತಡೆದು ತಾನೇ ಕೈಯಾಡಿಸಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಶುರು ಮಾಡಿಬಿಟ್ಟಳು. ಅಷ್ಟು ಮರಾಠಿ ಯಾವಾಗ ಕಲಿತಳೋ! ಆವತ್ತು ಟಿವಿ ಆರಿಸಿದ ಮೇಲೂ ಇಬ್ಬರೂ ಮಾತಾಡುತ್ತ ಕೂತಿದ್ದರು.

‘ಸ್ಪಾಕ್ಸ್ ಬ್ರೇನ್’ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಮೂರನೆಯ ವರ್ಷದ ಮೊದಲ ಕಂತು, ಸ್ಪಾಕನ ಮಿದುಳನ್ನೇ ಕದ್ದೊಯ್ಯುತ್ತಾರೆ, ಇವರು ಅವನ ದೇಹವನ್ನು ರಿಮೋಟಿನಿಂದ ನಡೆಸಿಕೊಂಡು ಹುಡುಕಲು ಹೊರಡುತ್ತಾರೆ. ಎಲ್ಲಕ್ಕಿಂತ ಕೆಟ್ಟ ಕಂತು ಎಂದು ಅದಕ್ಕೆ ಜಗತ್ಪ್ರಸಿದ್ಧಿ. ಕದ್ದವರು ಹೆಂಗಸರು, ತಮ್ಮ ನೆಲದಡಿಯ ಊರನ್ನು ನಡೆಸಲು ಅವರಿಗೆ ಅದು ಬೇಕಿರುತ್ತದೆ. ಅವ್ವ: ‘ಮನಿ ನಡಸಾಕ ಒಂದು ತಲಿ ಬೇಕಾತು, ತಗೊಂಡು ಹೋದ್ರು. ತಪ್ಪೇನದ?’ ಕಾಕು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಾಲಕರು ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ.

ಆದರೆ ನಾನು ಮರೆಯದ ಕಂತು ‘ದ ಡೆವಿಲ್ ಇನ್ ದ ಡಾರ್ಕ್’. ಒಂದು ಗಣಿ. ಕತ್ತಲೆಯಲ್ಲಿ ಯಾವುದೋ ಪ್ರಾಣಿ ಕೆಲಸಗಾರರನ್ನು ಸುಟ್ಟು ಕೊಲ್ಲುತ್ತಿದೆ. ಹಾರ್ಟಾ ಅಂತ ಅದರ ಹೆಸರು, ಕಲ್ಲನ್ನೇ ತಿಂದು ಬದುಕುವ, ಸಿಲಿಕಾನಿನಿಂದಾದ ಜೀವ. ತೆರೆಯ ಮೇಲೆ ನೋಡಿದರೆ ಸೀದುಹೋದ ಹೋಳಿಗೆಯ ಮೇಲೆ ಕಂಬಳಿ ಹೊದಿಸಿದಂತೆ ಇತ್ತು. ಮೇಜಿನ ಮೇಲೆ ದುಂಡನೆಯ ಕಲ್ಲುಗಳಿವೆ, ಗಣಿಯವರು ಅವನ್ನು ಸಾವಿರಾರು ಕಂಡಿದ್ದಾರೆ, ಒಡೆದಿದ್ದಾರೆ. ನಾನು ‘ದೆವ್ವ, ಯವ್ವಾ, ಗಣಿಯಾಗಿನ ದೆವ್ವ’ ಅಂತ ರಂಗು ಹಚ್ಚಿ ಹೇಳುತ್ತಿದ್ದೆ. ಅವ್ವ ಸುಮ್ಮನೆ ನೋಡುತ್ತಿದ್ದವಳು ‘ದೆವ್ವ ಅಲ್ಲೋ, ತಾಯಿ ಅದು. ಆ ಕಲ್ಲು ಅಲ್ಲ, ತತ್ತಿ’ ಅಂದಳು. ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ಸ್ಪಾಕ್ ಆ ಪ್ರಾಣಿಯ ಮೇಲೆ ಕೈಯಿಟ್ಟು, ಅದರ ನೋವನ್ನೆಲ್ಲ ತನ್ನ ಬಾಯಿಂದ ಚೀರುತ್ತಾನೆ. ಆಗ ನನ್ನ ತರ್ಜುಮೆ ನಿಂತಿತು, ಯಾರಿಗೂ ಬೇಕಾಗಿರಲಿಲ್ಲ. ಅವ್ವ ಹೇಳಿದ್ದೇ ನಿಜವಾಗಿತ್ತು.

ಸ್ಪಾಕ್ ಅವಳಿಗೆ ಬೇಕಾದವನಾದದ್ದು ಆವತ್ತು. ಅಪ್ಪ ಒಂದು ಲೋಕದವನು, ತಾಯಿ ಇನ್ನೊಂದು ಲೋಕದವಳು, ಎರಡೂ ಕಡೆ ಅರೆಬರೆ. ‘ಸೊಲ್ಲಾಪುರದ ಮಂದಿಯಂಗ’ ಅನ್ನುತ್ತಿದ್ದಳು, ಪ್ರೀತಿಯಿಂದಲೇ.

ಮುಂದೆ ನಮ್ಮವರೂ ಇಂಥವನ್ನು ಮಾಡಿದರು. 1989ರ ‘ಇಂದ್ರಧನುಷ್’ನಲ್ಲಿ ನಮ್ಮ ಗಿರೀಶ ಕಾರ್ನಾಡರಿದ್ದರು. 1974-75ರಲ್ಲಿ ಇದೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬಂತು. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಅಯುಕಾ ಕಟ್ಟಿದ ಜಯಂತ ನಾರಳೀಕರರು ಮರಾಠಿಯಲ್ಲಿ ವಿಜ್ಞಾನ ಕಥೆ ಬರೆಯುತ್ತಿದ್ದರು. ಮೊದಲ ಕಥೆಯನ್ನು ತಮ್ಮ ಇನಿಷಿಯಲ್ಲುಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಿದ್ದರಂತೆ. ಅವರೂ 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅವ್ವ ಇವು ಯಾವುದಕ್ಕೂ ಹೆಚ್ಚು ಮನಸ್ಸು ಕೊಡಲಿಲ್ಲ. ಹಿಂದಿ ಅರ್ಥವಾಗತೊಡಗಿತ್ತು, ಕಥೆ ಕಟ್ಟಲು ಜಾಗವೇ ಇರಲಿಲ್ಲ.

ಮೊನ್ನೆ ಮೊಮ್ಮಗನ ಜೊತೆ ಕೂತು ಮೊದಲ ಸಲ ಬಣ್ಣದಲ್ಲಿ ನೋಡಿದೆ. ಅವನು ಹೇಳಿದ: ‘ಅಜ್ಜಾ, ಕೆಂಪು ಅಂಗಿ ಹಾಕಿದವರು ಸಾಯ್ತಾರೆ, ಇಡೀ ಜಗತ್ತಿಗೆ ಗೊತ್ತಿರೋ ಜೋಕು ಇದು!’ ನಮಗೆಲ್ಲಿ ಗೊತ್ತಿರಬೇಕು? ಕಪ್ಪು ಬಿಳುಪಿನಲ್ಲಿ ಎಲ್ಲರ ಅಂಗಿಯೂ ಬೂದಿ ಬಣ್ಣ. ಆದರೂ ನೌಕೆಯಿಂದ ನಾಲ್ಕು ಜನ ಇಳಿದ ಕೂಡಲೆ ಅವ್ವ ಬೆರಳು ತೋರಿಸುತ್ತಿದ್ದಳು: ‘ಇಂವ ಹೋದ.’ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಹೇಗೆ ಗೊತ್ತು ಅಂತ ಕೇಳಿದರೆ ‘ಅವರೆಲ್ಲಾರ ಹೆಸರು ನೀ ಹೇಳೀ. ಇವನ ಹೆಸರು ಯಾರೂ ಹೇಳಲಿಲ್ಲ. ಹೆಸರಿಲ್ಲದಂವ ಸಾಯತಾನ’ ಅನ್ನುತ್ತಿದ್ದಳು. ಮೊಮ್ಮಗನಿಗೆ ಇದನ್ನು ಹೇಳಿದೆ. ಸ್ಕಾಟಿಯದೂ ಕೆಂಪು ಅಂಗಿ, ಉಹೂರಾದೂ ಕೆಂಪು. ಮೂರು ವರ್ಷವೂ ಉಳಿದರಲ್ಲ! ಅವನು ಸ್ವಲ್ಪ ಹೊತ್ತು ಯೋಚಿಸಿ, ಮುತ್ತಜ್ಜಿಯ ಥಿಯರಿಯೇ ಸರಿ ಅಂದ.

ಅವ್ವ ಊರಿಗೆ ಬಿಟ್ಟು ಬಾ ಅನ್ನುವುದನ್ನು ಯಾವಾಗ ನಿಲ್ಲಿಸಿದಳೋ ನನಗೆ ನೆನಪಿಲ್ಲ. 2003ರಲ್ಲಿ ಪುಣೆಯಲ್ಲೇ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ನಾವು ವಾಡೆ ಬಿಟ್ಟು ಊರಾಚೆ ಫ್ಲ್ಯಾಟಿಗೆ ಬಂದಿದ್ದೆವು. ಸುತ್ತ ಬರೀ ಕಟ್ಟಡದ ಕೆಲಸ, ಕೆಲಸಕ್ಕೆ ಬಂದವರಲ್ಲಿ ಅರ್ಧ ನಮ್ಮ ಕಡೆಯವರು. ಸಂಜೆ ಅವ್ವ ಕೋಲು ಊರಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ತಲೆಯ ಮೇಲಿನ ಸಿಮೆಂಟು ಬುಟ್ಟಿ ಇಳಿಸಿ ಬರುವ ಹುಡುಗರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದಳು.

‘ಹೆಸರೇನಪಾ ನಿಂದು?’

‘ಹೆಸರ್ಯಾಕಬೇ ಆಯಿ, ಕೆಲಸ ಏನರ ಇತ್ತೇನು?’

‘ಕೆಲಸ ಏನಿಲ್ಲ. ಹೇಳು ನೀ.’