ಹನುಮನಾಯಕನ ಪ್ರಶ್ನೆ ಮತ್ತು 2030ನೇ ಇಸವಿ

ಕರಿಭಂಟನ ಕಾಳಗ ಆಡುವ ರಾತ್ರಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮುಖವೀಣೆ ಏರುತ್ತದೆ, ಮದ್ದಲೆಯ ಪೆಟ್ಟು ಬೀಳುತ್ತದೆ. ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟ ಮಾತ್ರ ಕಾಣುತ್ತದೆ. ತೆರೆ ಸರಿದು, ಭುಜಕೀರ್ತಿ ತೊಟ್ಟ ರಾಜ ಕುಣಿದು ನಿಂತ ಮೇಲೆ ಆಟದ ಹಾಸ್ಯಗಾರ ಹನುಮನಾಯಕ ಅವನ ಹತ್ತಿರಕ್ಕೆ ಹೋಗಿ ವಿಚಾರಿಸುತ್ತಾನೆ: ನೀವು ಯಾರು, ಯಾವ ಸೀಮೆಯವರು, ಇಲ್ಲಿಗೆ ಬಂದ ಕಾರಣವೇನು? ರಾಜ ತನ್ನ ಹೆಸರು, ದೇಶ, ಬಂದ ಕೆಲಸ ಎಲ್ಲವನ್ನೂ ಒಪ್ಪಿಸಬೇಕು. ಒಪ್ಪಿಸುವವರೆಗೆ ಆಟ ಮುಂದೆ ಹೋಗುವುದಿಲ್ಲ. ಹೊಸಕೋಟೆ, ಕೋಲಾರ, ಚಿಂತಾಮಣಿ ಕಡೆ ಈ ಆಟಕ್ಕೆ ಕೇಳಿಕೆ ಎನ್ನುತ್ತೇವೆ, ವಿದ್ವಾಂಸರು ಮೂಡಲಪಾಯ ಎನ್ನುತ್ತಾರೆ. ಹೊಸಕೋಟೆ ಹತ್ತಿರದ ನಮ್ಮೂರು ಪಿಲ್ಲಗುಂಪೆಯಲ್ಲಿ ನಮ್ಮ ತಾತ ಹನುಮನಾಯಕನ ವೇಷ ಕಟ್ಟುತ್ತಿದ್ದರು. ಕನ್ನಡಕ್ಕೆ ತೆಲುಗು ಬೆರೆಸಿ, ರಾಜನ ದೊಡ್ಡ ಮಾತನ್ನು ಹೊಲದ ಮಾತಿಗೆ ಇಳಿಸಿ, ಜನ ನಗುವಷ್ಟು ಹೊತ್ತು ರಾಜನನ್ನು ಕಾಯಿಸುತ್ತಿದ್ದರಂತೆ.

ಕನ್ನಡದ ಅಣಕದ ಬೇರು ಈ ವಿಚಾರಣೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು ನಾನು. ವಿಜ್ಞಾನ ಸಿನಿಮಾ, ಅಣಕ ಸಿನಿಮಾ ಎಂದರೆ ಅವು ಹಾಲಿವುಡ್ಡಿನಿಂದ ಬಂದ ಸರಕು ಎಂದು ಮಕ್ಕಳು ಹೇಳಿದಾಗಲೆಲ್ಲ ನನಗೆ ಸುಮ್ಮನಿರಲಾಗುವುದಿಲ್ಲ. ಈ ಕಲೆಗೆ ನಮ್ಮಲ್ಲಿ ಒಂದು ವಂಶಾವಳಿ ಇದೆ.

ನಾಟಕಕಾರ ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ ಬಿಟ್ಟವರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ಹಾಡುತ್ತಿದ್ದ ‘ಟಿಪ್ಪರರಿ’ ಹಾಡಿನ ಧಾಟಿಗೆ ಅವರು ತಿಪ್ಪಾರಳ್ಳಿಯ ಹಾಡು ಕಟ್ಟಿದರು. ಸಾಮ್ರಾಜ್ಯದ ಪಡೆ ಹೆಜ್ಜೆ ಹಾಕುವ ರಾಗ ನಮ್ಮ ಹಳ್ಳಿಯ ದಾರಿ ಹಿಡಿಯಿತು. ಆಳುವವರ ಧಾಟಿಯನ್ನೇ ತೆಗೆದುಕೊಂಡು ಅದರಲ್ಲಿ ನಮ್ಮ ಊರನ್ನು ಕೂರಿಸುವ ಈ ಕೈಚಳಕ ಆಮೇಲೆ ನಮ್ಮ ಸಿನಿಮಾಕ್ಕೂ ಬಂತು. 1968ರ ‘ಜೇಡರ ಬಲೆ’ಯಲ್ಲಿ ದೊರೈ–ಭಗವಾನ್ ಜೋಡಿ ಜೇಮ್ಸ್ ಬಾಂಡನ ಅಚ್ಚಿನಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿದರು. ಲೋಹವನ್ನು ಚಿನ್ನ ಮಾಡುವ ಸೂತ್ರವೊಂದರ ಸುತ್ತ ಆ ಕಥೆ ಸುತ್ತುತ್ತದೆ. 2002ರ ‘ಹಾಲಿವುಡ್’ನಲ್ಲಿ ನಟ ಉಪೇಂದ್ರ ರೋಬೋ ಆದರು. ಅವೆರಡರಲ್ಲೂ ವಿಜ್ಞಾನ ಒಂದು ಒಡವೆ, ಅಷ್ಟೆ. ನಾನು ನಿಲ್ಲಬೇಕಾದದ್ದು ಮುಂದಿನ ಸಿನಿಮಾದ ಹತ್ತಿರ.

‘ಸೂಪರ್’ 2010ರ ಡಿಸೆಂಬರ್ 3ರಂದು ಬಿಡುಗಡೆಯಾಯಿತು. ರಾಕ್‌ಲೈನ್ ವೆಂಕಟೇಶ್ ನಿರ್ಮಾಪಕರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿರ್ದೇಶನದಿಂದ ದೂರವಿದ್ದ ಉಪೇಂದ್ರ ಮತ್ತೆ ಆ ಕುರ್ಚಿಯಲ್ಲಿ ಕೂತಿದ್ದರು. ಸಿನಿಮಾಕ್ಕೆ ಅಕ್ಷರದ ಹೆಸರಿಲ್ಲ, ಹೆಬ್ಬೆರಳು ತೋರುಬೆರಳು ಕೂಡಿಸಿದ ಕೈಸನ್ನೆಯೇ ಹೆಸರು. ಶುರುವಾಗುವುದು 2030ರಲ್ಲಿ. ಭಾರತ ಜಗತ್ತಿಗೇ ದೊಡ್ಡಣ್ಣನಾಗಿದೆ. ವಿದೇಶಿಯರು ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ, ಕೂಲಿನಾಲಿ ಕೆಲಸಕ್ಕೆ ಬಿಳಿಯರು ನಿಂತಿದ್ದಾರೆ, ಕನ್ನಡ ಆಡುತ್ತಾರೆ. ಅಲ್ಲಿಂದ ಕಥೆ ಹಿಂದಕ್ಕೆ, 2010ಕ್ಕೆ ಬರುತ್ತದೆ. ಲಂಡನ್ನಿನಿಂದ ಬಂದ ನಾಯಕನ ಹೆಸರು ಸುಭಾಷ್ ಚಂದ್ರ ಗಾಂಧಿ, ನಾಯಕಿ ಇಂದಿರಾ.

ಅಮೆರಿಕದ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ 1982ರ ಒಂದು ಪ್ರಬಂಧದಲ್ಲಿ ವಿಜ್ಞಾನ ಕಥೆಯ ಬಗ್ಗೆ ಒಂದು ದೊಡ್ಡ ಮಾತು ಹೇಳಿದ್ದಾರೆ. ಅದು ಭವಿಷ್ಯ ನುಡಿಯುವುದಕ್ಕೆ ಇರುವುದಲ್ಲ. ನಾವು ಬದುಕುತ್ತಿರುವ ಈ ಹೊತ್ತನ್ನು ಯಾವುದೋ ಒಂದು ನಾಳೆಯ ಹಳೆಯ ಕಾಲವನ್ನಾಗಿ ಮಾಡಿ ತೋರಿಸುವುದಕ್ಕೆ ಇದೆ. ‘ಸೂಪರ್’ ಕಟ್ಟಿಕೊಂಡಿರುವ ಚೌಕಟ್ಟು ಸರಿಯಾಗಿ ಇದೇ. 2030ರಲ್ಲಿ ನಿಂತು 2010ನ್ನು ತಿರುಗಿ ನೋಡು ಎನ್ನುತ್ತದೆ. ಹಾಗಾದರೆ ನಾನು ಆ 2010ರ ಪಿಲ್ಲಗುಂಪೆಯನ್ನು ನೋಡುತ್ತೇನೆ.

ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಕೈಗಾರಿಕಾ ಪ್ರದೇಶವಾಗಿ, ಕಾಂಪೌಂಡು ಎದ್ದು, ಗೇಟಿಗೆ ನಂಬರು ಬಿದ್ದಿತ್ತು. 1998ರಲ್ಲೇ ಸ್ವೀಡನ್ನಿನ ವೋಲ್ವೊ ಹೊಸಕೋಟೆಯ ಹತ್ತಿರ ಲಾರಿ ತಯಾರಿಸಲು ಶುರುಮಾಡಿತ್ತು. ಪರದೇಶದವರು ನಮ್ಮ ಸೀಮೆಗೆ ಬರುವುದು ನಮಗೆ ಕಟ್ಟುಕಥೆಯೇನೂ ಆಗಿರಲಿಲ್ಲ. ಬಂದವರು ಬಂಡವಾಳ ತಂದಿದ್ದರು. ಕೂಲಿಗೆ ಬಂದವರು ಬಿಹಾರದ, ಒಡಿಶಾದ ಹುಡುಗರು. ಊರಿನವರು ಇದ್ದ ಜಾಗದಲ್ಲಿ ಶೀಟು ಹಾಕಿ ಸಾಲುಮನೆ ಕಟ್ಟಿ ಅವರಿಗೆ ಬಾಡಿಗೆಗೆ ಕೊಟ್ಟರು. ಹೊಲ ಉತ್ತಿದ್ದವರ ಮಕ್ಕಳು ಅದೇ ಹೊಲದ ಗೇಟಿನಲ್ಲಿ ಸೆಕ್ಯೂರಿಟಿ ಡ್ರೆಸ್ಸು ತೊಟ್ಟು, ಬಂದ ಲಾರಿಗಳ ನಂಬರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಯಾರು, ಎಲ್ಲಿಂದ, ಏನು ಕೆಲಸ ಎಂದು ಕೇಳುವುದು ಅವರ ನೌಕರಿಯಾಯಿತು. ಆದರೆ ಒಳಗೆ ಕೂತ ಧಣಿಯನ್ನು ಅವರು ಕೇಳುವ ಹಾಗಿರಲಿಲ್ಲ.

ನಮ್ಮೂರ ಹುಡುಗರು ಗುಂಪುಕಟ್ಟಿಕೊಂಡು ಹೋಗಿ ‘ಸೂಪರ್’ ನೋಡಿದರು, ಬಿಳಿಯರ ಕನ್ನಡಕ್ಕೆ ಶಿಳ್ಳೆ ಹೊಡೆದು ನಕ್ಕರು. ಆ ನಗುವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇನ್ನೂರು ವರ್ಷ ಆಳಿಸಿಕೊಂಡ ಜನಕ್ಕೆ ಎರಡೂವರೆ ಗಂಟೆ ಸಿಂಹಾಸನ ಸಿಕ್ಕ ನಗು ಅದು. ರಷ್ಯದ ವಿಮರ್ಶಕ ಮಿಖಾಯಿಲ್ ಬಖ್ತಿನ್ ಫ್ರೆಂಚ್ ಲೇಖಕ ರಾಬ್ಲೆಯ ಮೇಲೆ ಬರೆದ ಪುಸ್ತಕ 1965ರಲ್ಲಿ ಹೊರಬಂತು. ಯುರೋಪಿನ ಜಾತ್ರೆಗಳಲ್ಲಿ ರಾಜನ ಕಿರೀಟ ಇಳಿಸಿ ಕೋಡಂಗಿಯ ತಲೆಗೆ ಇಡುವ ಸಂಭ್ರಮವನ್ನು ಅವರು ಅದರಲ್ಲಿ ವಿವರಿಸುತ್ತಾರೆ. ಆದರೆ ಜಾತ್ರೆ ಮುಗಿದ ಬೆಳಿಗ್ಗೆ ಕಿರೀಟ ಹಳೆಯ ತಲೆಗೇ ಹೋಗುತ್ತದಲ್ಲ ಎಂದು ಅವರ ನಂತರ ಬಂದ ವಿಮರ್ಶಕರು ಆಕ್ಷೇಪ ಎತ್ತಿದರು. ನನ್ನ ತಕರಾರು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ‘ಸೂಪರ್’ನ 2030ರಲ್ಲಿ ಕೂಲಿಯವನ ಮೈಬಣ್ಣ ಬದಲಾಗಿದೆ, ಕೂಲಿ ಮಾತ್ರ ಹಾಗೆಯೇ ಇದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನ ತೊದಲು ಕನ್ನಡ ನಗುವಿನ ಸರಕಾಗಿದೆ. ಒಡಿಶಾದಿಂದ ಬಂದು, ಅಂಗಡಿಯಲ್ಲಿ ಬೆರಳು ತೋರಿಸಿ ‘ಎಷ್ಟು ಅಣ್ಣ’ ಎನ್ನಲು ಕಲಿತ ಹುಡುಗ ನಮ್ಮ ಸಾಲುಮನೆಯಲ್ಲಿದ್ದಾನೆ. ಆ ದೃಶ್ಯ ನೋಡಿದರೆ ಅವನಿಗೆ ನಗು ಬರುತ್ತದೆಯೇ? ಅಲ್ಲದೆ, ಆ ಥಳಕಿನ ನಗರ ಯಾರ ಹೊಲದ ಮೇಲೆ ಎದ್ದಿತು ಎಂದು ಸಿನಿಮಾದೊಳಗೆ ಒಬ್ಬರೂ ಕೇಳುವುದಿಲ್ಲ. ಹನುಮನಾಯಕ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ.

ಸಿನಿಮಾದ ಈ ಮೌನವನ್ನು ಓದುವುದಕ್ಕೆ ಬೇಕಾದ ಕನ್ನಡಕ ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು, ನೇಕಾರರ ಮನೆಯವರು, 1998ರಲ್ಲಿ ತೀರಿಕೊಂಡರು. ಆಧುನಿಕತೆ ನಮ್ಮ ಕಸುಬುದಾರರ ಕೈಯಿಂದ ಬರೀ ಅನ್ನ ಕಿತ್ತುಕೊಳ್ಳಲಿಲ್ಲ, ಅವರ ತಂತ್ರಜ್ಞಾನವನ್ನೂ ಕೊಂದಿತು ಎಂದು ಅವರು ವಾದಿಸಿದರು, ಆ ಕೊಲೆಗೆ ಟೆಕ್ನೊಸೈಡ್ ಎಂದು ಹೆಸರಿಟ್ಟರು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯಬಹುದಾದ ವಿಚಾರ ಇದು. ನಮ್ಮ ವಿಜ್ಞಾನ ಸಿನಿಮಾಗಳಲ್ಲಿ ಯಂತ್ರ ಯಾವಾಗಲೂ ಹೊರಗಿನಿಂದ ಬರುತ್ತದೆ. ಮಗ್ಗ, ಏತ, ಕೂರಿಗೆ ಕಟ್ಟಿದ ಕೈಗಳಿಗೂ ಒಂದು ವಿಜ್ಞಾನವಿತ್ತು, ಅದಕ್ಕೂ ಒಂದು ನಾಳೆ ಇರಬಹುದಿತ್ತು ಎಂದು ಈ ಸಿನಿಮಾಗಳಿಗೆ ಅನ್ನಿಸಿಯೇ ಇಲ್ಲ.

ಉಪೇಂದ್ರ ಅವರ ‘ಯುಐ’ 2024ರ ಡಿಸೆಂಬರ್ 20ರಂದು ಬಂತು. ಪ್ರಚಾರದ ತುಣುಕಿನಲ್ಲಿ ತೋರಿಸಿದ 2040 ಹಸಿವಿನ, ನಿರುದ್ಯೋಗದ, ಯುದ್ಧದ ಕಾಲ. 2030ರ ಹಮ್ಮು ಅಲ್ಲಿ ಪೂರ್ತಿ ಇಳಿದುಹೋಗಿದೆ. ಸಿನಿಮಾದೊಳಗೊಂದು ಸಿನಿಮಾ ಇದೆ. ಅದನ್ನು ನೋಡಿ ಏನು ಬರೆಯಬೇಕೆಂದು ತಿಳಿಯದ ವಿಮರ್ಶಕ ಅದರ ಮೂಲ ಹುಡುಕಿಕೊಂಡು ಹೊರಡುತ್ತಾನೆ. ಬುದ್ಧಿವಂತರು ಈಗಲೇ ಎದ್ದು ಹೋಗಬಹುದು ಎಂಬರ್ಥದ ಸೂಚನೆ ಶುರುವಿನಲ್ಲೇ ಬರುತ್ತದೆ. ಕಥೆ ಹಲವು ಕಡೆ ಕದಡಿದೆ, ಬೋಧನೆ ಜಾಸ್ತಿಯಾಗಿದೆ. ಆದರೂ ನನ್ನ ಲೆಕ್ಕದಲ್ಲಿ ಇದು ‘ಸೂಪರ್’ಗಿಂತ ದೊಡ್ಡ ಅಣಕ. ‘ಸೂಪರ್’ ನೋಡುಗನನ್ನು ಗದ್ದುಗೆಯ ಮೇಲೆ ಕೂರಿಸಿ ಹೊಗಳಿತು. ‘ಯುಐ’ ಅವನನ್ನೇ ನಿಲ್ಲಿಸಿ, ನೀನು ಯಾರು, ಇಲ್ಲಿಗೆ ಯಾಕೆ ಬಂದೆ ಎಂದು ವಿಚಾರಿಸುತ್ತದೆ. ಕೇಳಿಕೆಯ ಕಸುವು ಅಲ್ಲಿ ಮತ್ತೆ ಚಿಗುರಿದೆ.

2030 ಇನ್ನೇನು ಬಂದೇಬಿಟ್ಟಿತು. ನಮ್ಮ ತಾಲ್ಲೂಕಿನ ಕಾಲೇಜು ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ ಇದೆ. ಆ ವರ್ಷ ಬರುವ ಮೊದಲು ‘ಸೂಪರ್’ನ ಮೊದಲ ದೃಶ್ಯಗಳನ್ನು ತರಗತಿಯಲ್ಲಿ ಹಾಕಿ ತೋರಿಸಿ, ಜೊತೆಗೆ ಡಿ.ಆರ್. ನಾಗರಾಜ್ ಅವರನ್ನು ಓದಿಸಿ. ಪಿಲ್ಲಗುಂಪೆಯ ಮಕ್ಕಳ ಪಕ್ಕದಲ್ಲಿ ಸಾಲುಮನೆಗಳಿಂದ ಬರುವ ಬಿಹಾರದ, ಒಡಿಶಾದ ಮಕ್ಕಳನ್ನೂ ಕೂರಿಸಿ. ಯಾವ ಜಾಗದಲ್ಲಿ ನಗು ಬಂತು, ಯಾವ ಜಾಗದಲ್ಲಿ ಬರಲಿಲ್ಲ ಎಂದು ಅವರವರೇ ಬರೆಯಲಿ.