ರೈಲಿನಲ್ಲಿ ಗಾಲಿಕುರ್ಚಿಯ ಸ್ಥಳ

ನಮ್ಮ ಅಳವಂಡಿಯ ಕಡೆಯ ನಡೆಯಲಾರದವರು ಕೊಪ್ಪಳದಲ್ಲಿ ರೈಲು ಹತ್ತುವ ಬಗೆಯನ್ನು ತಾವು ಕಂಡಿರಬಹುದು. ಇಬ್ಬರು ತೋಳು ಹಿಡಿಯಬೇಕು, ಮೂರನೆಯವನು ಕುರ್ಚಿಯನ್ನು ಎತ್ತಬೇಕು. ಟಿಕೀಟು ಕೊಂಡ ಮನುಷ್ಯನು ಸಾಮಾನಿನಂತೆ ಒಳಸೇರಬೇಕು.

ವೇಗಕ್ಕೆ ಹೆಸರಾದ ಜಪಾನಿನಲ್ಲಿಯೂ ಈ ವಿಚಾರ ತಡವಾಗಿಯೇ ಬಗೆಹರಿಯಿತು. ಅಲ್ಲಿ ಷಿಂಕಾನ್‌ಸೆನ್ ಗಾಡಿ ಹೊರಟದ್ದು 1964ರ ಅಕ್ಟೋಬರ್ 1ರಂದು; ಅದರ ಹೊಸ ಗಾಡಿಗಳಲ್ಲಿ ಆರು ಗಾಲಿಕುರ್ಚಿಗಳಿಗೆ ಸ್ಥಳ ದೊರೆತದ್ದು 2021ರಲ್ಲಿ. ಐವತ್ತೇಳು ವರುಷ!

ನಮ್ಮ 1995ರ ಕಾಯಿದೆಯು ರೈಲಿನ ಡಬ್ಬಿಗಳೂ ಅವುಗಳ ಶೌಚಗೃಹಗಳೂ ಗಾಲಿಕುರ್ಚಿಯವರಿಗೆ ಒದಗುವಂತಿರಬೇಕೆಂದು ವಿಧಿಸಿತು. ಆದರೆ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಅರ್ಥದ ಮಾತೊಂದು ಅದರಲ್ಲಿತ್ತು. ವ್ಯಾಕರಣದಲ್ಲಿ ಅದು ಬರಿಯ ವಿಶೇಷಣ. ವ್ಯವಹಾರದಲ್ಲಿ ಅದೇ ವಾಕ್ಯದ ಕರ್ತೃವಾಯಿತು. 2016ರ ಕಾಯಿದೆಯೂ ಹಳೆಯ ಗಾಡಿಗಳನ್ನು ತಿದ್ದುವಲ್ಲಿ ಖರ್ಚಿನ ಮಾತನ್ನು ಬಿಡಲಿಲ್ಲ.

2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಗಾಡಿ ಆರಂಭವಾಯಿತು. ಜಪಾನಿನವರು ಇದನ್ನು ಅತಿವೇಗವೆನ್ನಲಾರರು, ಇರಲಿ. ಇಂಥ ಗಾಡಿಯ ಎರಡೂ ತುದಿಯ ಡಬ್ಬಿಗಳಲ್ಲಿ ಗಾಲಿಕುರ್ಚಿಗೆ ಜಾಗವನ್ನೂ ಅಗಲವಾದ ಶೌಚಗೃಹವನ್ನೂ ಇಟ್ಟಿದ್ದಾರೆ. ಟಿಕೀಟು ಕಾದಿರಿಸುವಾಗ ಸಾಮಾನ್ಯ ಪಾಲಿನಲ್ಲಿ ಕೇಳದೆ ಅಂಗವಿಕಲರ ಕೋಟಾದಲ್ಲಿಯೇ ಕೇಳಿರಿ. ಗುರುತಿನ ಚೀಟಿ ಕೈಯಲ್ಲಿರಲಿ, ಜೊತೆಗಾರರ ಹೆಸರನ್ನೂ ಕೂಡಿಯೇ ಬರೆಯಿಸಿರಿ. ಸಾಧಾರಣ ಗಾಡಿಗಳ ಸ್ಲೀಪರ್ ದರ್ಜೆಯಲ್ಲಿ ಈ ಕೋಟಾಕ್ಕೆ 4 ಬರ್ತುಗಳಿವೆ, ಅವುಗಳಲ್ಲಿ 2 ಕೆಳಗಿನವು.

ಅಳವಂಡಿಯವರು ಆ ಗಾಡಿಯನ್ನು ಹಿಡಿಯಲು ಮೊದಲು ಹುಬ್ಬಳ್ಳಿಯನ್ನು ಮುಟ್ಟಬೇಕು. ಕೊಪ್ಪಳದಿಂದ ಅಲ್ಲಿಯವರೆಗಿನ ಗಾಡಿಯಲ್ಲಿ ಅಂಗವಿಕಲರ ಡಬ್ಬಿ ಎಲ್ಲಿ ನಿಲ್ಲುವುದೆಂಬುದನ್ನೂ ಮುಂಚೆಯೇ ವಿಚಾರಿಸಿಕೊಳ್ಳಿರಿ.