ಪದಸಂಸ್ಕಾರಕದಲ್ಲಿ ವರ್ಣಯೋಜನೆ: ಆಜ್ಞಾವಳಿಗಳು ನಡೆದುಬಂದ ದಾರಿ

ಮಧ್ಯಯುಗದ ಯುರೋಪಿನಲ್ಲಿ ಲಿಪಿಕಾರನು ಕಪ್ಪು ಮಸಿಯಿಂದ ಗ್ರಂಥವನ್ನು ಬರೆಯುತ್ತ ಶೀರ್ಷಿಕೆಗಳಿಗೂ ಮೊದಲಕ್ಷರಗಳಿಗೂ ಸ್ಥಳವನ್ನು ಬರಿದಾಗಿ ಬಿಡುವುದೂ, ಅನಂತರ ಬೇರೊಬ್ಬನು ಆ ಸ್ಥಳಗಳನ್ನು ಕೆಂಪು ಮಸಿಯಿಂದ ತುಂಬುವುದೂ ವಾಡಿಕೆಯಾಗಿದ್ದಿತು. ಇಂತಹ ಸ್ಥಾನಕ್ಕೆ ಇಂತಹ ವರ್ಣವೆಂಬುದು ಮೊದಲೇ ನಿಶ್ಚಿತವಾಗಿದ್ದ ಆ ಎರಡನೆಯವನ ಕೆಲಸವು, ನಿಯಮವಾಗಿ ಹೇಳಬಹುದಾದುದೆಲ್ಲವೂ ಯಂತ್ರಕ್ಕೆ ಸಲ್ಲುವ ನಮ್ಮ ಕಾಲದಲ್ಲಿ ಗಣಕದ ಪಾಲಿಗೆ ಬಂದದ್ದು ಸಹಜವೇ ಆಗಿದೆ. ಆದರೆ ಅದು ಬಂದ ದಾರಿ ನೇರವಾದುದಲ್ಲ.

ಮೊದಮೊದಲಿನ ಮ್ಯಾಕ್ರೋ ಎಂಬುದು ಕೀಲಿಗಳ ಒತ್ತುವಿಕೆಯನ್ನು ನೆನಪಿನಲ್ಲಿಟ್ಟು ಮತ್ತೆ ಒಪ್ಪಿಸುವ ಉಪಾಯವಾಗಿದ್ದಿತು. 1980ರ ದಶಕದ ವರ್ಡ್‌ಪರ್ಫೆಕ್ಟ್‌ನಲ್ಲಿ ಪ್ರಚುರವಾಗಿದ್ದ ಈ ವಿಧಾನವು, 1989ರಲ್ಲಿ ವಿಂಡೋಸ್‌ಗಾಗಿ ಮೈಕ್ರೋಸಾಫ್ಟ್ ವರ್ಡ್ ಹೊರಬಂದಾಗ ವರ್ಡ್‌ಬೇಸಿಕ್ ಎಂಬ ಭಾಷೆಯ ರೂಪವನ್ನು ತಾಳಿತಾದರೂ, ಆ ಭಾಷೆಯ ಆಜ್ಞೆಗಳು ಪರದೆಯ ಪಟ್ಟಿಗಳಿಂದ ಮನುಷ್ಯನು ಆರಿಸಿಕೊಳ್ಳುತ್ತಿದ್ದ ಕ್ರಿಯೆಗಳ ಅನುಕರಣವೇ ಆಗಿದ್ದವು. ಪದವನ್ನು ಹುಡುಕಬೇಕು, ಕರ್ಸರನ್ನು ಅಲ್ಲಿಗೆ ಒಯ್ಯಬೇಕು, ಬಣ್ಣ ಹಚ್ಚಬೇಕು, ಮುಂದೆ ಸರಿಯಬೇಕು.

ನಿಜವಾದ ಪರಿವರ್ತನೆಯಾದದ್ದು ವರ್ಡ್ 97ರೊಡನೆ, ವಿಷುವಲ್ ಬೇಸಿಕ್ ಫಾರ್ ಅಪ್ಲಿಕೇಶನ್ಸ್ ಎಂಬ ಭಾಷೆ ವರ್ಡ್‌ಬೇಸಿಕ್ಕಿನ ಸ್ಥಾನವನ್ನು ಪಡೆದಾಗ. ಕರ್ಸರು ಎಲ್ಲಿಯೇ ಇರಲಿ, ಪಾಠದ ಯಾವ ಖಂಡವನ್ನಾದರೂ 'ರೇಂಜ್' ಎಂದು ನಿರ್ದೇಶಿಸಿ, ಅದರ ಫಾಂಟಿನ ಬಣ್ಣವನ್ನು ಒಂದು ಗುಣವೆಂಬಂತೆ ನೇರವಾಗಿ ವಿಧಿಸಲು ಈಗ ಸಾಧ್ಯವಾಯಿತು; ಕೈಯ ಚಲನೆಯನ್ನು ವರ್ಣಿಸುತ್ತಿದ್ದ ಆಜ್ಞೆಯು ಪಾಠದ ಸ್ವರೂಪವನ್ನೇ ನಿರೂಪಿಸತೊಡಗಿತು. ಆರಂಭದಲ್ಲಿ 16 ಬಣ್ಣಗಳ ಸೂಚಿಯಷ್ಟೇ ದೊರೆಯುತ್ತಿದ್ದು, ವರ್ಡ್ 2000ದಲ್ಲಿ ಕೆಂಪು, ಹಸಿರು, ನೀಲಿಗಳ ಪ್ರಮಾಣದಿಂದ ಯಾವ ಛಾಯೆಯನ್ನಾದರೂ ಕೊಡುವ ಸೌಕರ್ಯ ಬಂದಿತು.

ಈ ವಿದ್ಯೆಯ ಸೂಕ್ಷ್ಮಗಳನ್ನು ಅಭ್ಯಾಸಿಗಳೇ ಬಲ್ಲರು. ಒಂದು ಪದವನ್ನು ಎಲ್ಲೆಡೆಯೂ ಕೆಂಪಾಗಿಸೆಂದು 'ರಿಪ್ಲೇಸ್ ಆಲ್' ವಿಧಿಸಿದ ಆಜ್ಞೆಯು ಮುಖ್ಯಪಾಠವನ್ನು ಮಾತ್ರ ಸಂಚರಿಸಿ ಅಡಿಟಿಪ್ಪಣಿಗಳನ್ನೂ ಪುಟಶಿರಗಳನ್ನೂ ಮುಟ್ಟದೆ ಬಿಡುತ್ತದೆ. ವರ್ಡ್ ಅವನ್ನು ಬೇರೆ ಬೇರೆ 'ಸ್ಟೋರಿ'ಗಳೆಂದು ಇಟ್ಟುಕೊಂಡಿರುವುದರಿಂದ ಪ್ರತಿಯೊಂದನ್ನೂ ಹೆಸರಿಸಿ ಹೊಗಬೇಕಾಗುತ್ತದೆ. ನೂರಾರು ಬದಲಾವಣೆಗಳನ್ನು ಒಂದೇ ಹೆಜ್ಜೆಯಲ್ಲಿ ಹಿಂತೆಗೆದುಕೊಳ್ಳುವ ಅನುಕೂಲವನ್ನು ಆಜ್ಞಾಕರ್ತನ ಕೈಗೆ ಕೊಟ್ಟದ್ದು ವರ್ಡ್ 2010. ಇನ್ನು ವರ್ಣಸಂಖ್ಯೆಯ ವಿಷಯ: 16711680 ಎಂಬ ಒಂದೇ ಸಂಖ್ಯೆ ವರ್ಡ್‌ನಲ್ಲಿ ನೀಲಿಯನ್ನೂ ಲಿಬ್ರೆಆಫೀಸ್‌ನಲ್ಲಿ ಕೆಂಪನ್ನೂ ಸೂಚಿಸುತ್ತದೆ, ಏಕೆಂದರೆ ಮೂರು ಮೂಲವರ್ಣಗಳನ್ನು ಜೋಡಿಸುವ ಕ್ರಮ ಎರಡರಲ್ಲಿಯೂ ಪರಸ್ಪರ ವಿಲೋಮವಾಗಿದೆ.

ಮ್ಯಾಕ್ರೋಗಳ ಶಕ್ತಿಯೇ ಅವುಗಳ ಅಪಕೀರ್ತಿಗೂ ಕಾರಣವಾಯಿತು. 1995ರ ಕಾನ್ಸೆಪ್ಟ್, 1999ರ ಮೆಲಿಸ್ಸಾ ಮೊದಲಾದ ವೈರಸ್ಸುಗಳು ಅವುಗಳ ಮೂಲಕವೇ ಹರಡಿದವು. 2022ರಲ್ಲಿ ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯತೊಡಗಿತು. ಅಷ್ಟರಲ್ಲಿ ಬೇರೆ ಮಾರ್ಗಗಳು ತೆರೆದುಕೊಂಡಿದ್ದವು: ಓಪನ್ಆಫೀಸ್ ಪರಂಪರೆಯಲ್ಲಿ ಬೇಸಿಕ್ಕಿನೊಡನೆ ಪೈಥಾನಿಗೂ ಪ್ರವೇಶ ದೊರೆಯಿತು, 2009ರಲ್ಲಿ ಆರಂಭವಾದ ಗೂಗಲ್ ಆಪ್ಸ್ ಸ್ಕ್ರಿಪ್ಟ್ ಕ್ರಮೇಣ ಜಾಲದ ಮೇಲಿನ ಕಡತಗಳಿಗೂ ಕೈಚಾಚಿತು, ವರ್ಡ್ 2007ರ ಕಡತವು ಎಕ್ಸ್‌ಎಂಎಲ್ ರೂಪದ್ದಾದುದರಿಂದ ಪದಸಂಸ್ಕಾರಕವನ್ನೇ ತೆರೆಯದೆ ಅದರೊಳಗಿನ ಬಣ್ಣವನ್ನು ಬದಲಾಯಿಸುವುದು ಸುಲಭಸಾಧ್ಯವಾಯಿತು.

ಈ ಎಲ್ಲ ಉಪಕರಣಗಳಿಗಿಂತಲೂ ನನಗೆ ಮುಖ್ಯವಾಗಿ ತೋರುವುದು ಇನ್ನೊಂದು ಸಂಗತಿ. ಪದಕ್ಕೆ ನೇರವಾಗಿ ಕೆಂಪು ಹಚ್ಚುವ ಸ್ಕ್ರಿಪ್ಟು ಬಣ್ಣವನ್ನು ಉಳಿಸಿ ಕಾರಣವನ್ನು ಅಳಿಸುತ್ತದೆ. ಅದೇ ಪದಕ್ಕೆ 'ಪಾಠಾಂತರ' ಎಂದೋ 'ಸಂದಿಗ್ಧ' ಎಂದೋ ಹೆಸರಿಟ್ಟ ಒಂದು ಸ್ಟೈಲನ್ನು ತೊಡಿಸುವ ಸ್ಕ್ರಿಪ್ಟಾದರೋ ಕಾರಣವನ್ನು ಉಳಿಸಿಕೊಂಡು, ಬಣ್ಣವನ್ನು ನಾಳೆ ಒಂದೇ ಕಡೆಯಲ್ಲಿ ಮಾರ್ಪಡಿಸಲು, ಬೇಡವಾದಾಗ ತೆಗೆದುಹಾಕಲು ಅವಕಾಶ ಕೊಡುತ್ತದೆ. ಗ್ರಂಥಸಂಪಾದನೆಯಂತಹ ದೀರ್ಘಕಾಲದ ಕಾರ್ಯದಲ್ಲಿ ಮೊದಲನೆಯ ವಿಧಾನವನ್ನು ಅವಲಂಬಿಸುವುದು ಅನುಚಿತವೆಂದೇ ನನ್ನ ಅಭಿಪ್ರಾಯ.

ಕನ್ನಡದ ಮಟ್ಟಿಗೆ ಈ ವಿದ್ಯೆ ತಡವಾಗಿ ಫಲಿಸಿತು. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ಫಾಂಟುಗಳಲ್ಲಿ ಅಕ್ಷರಾಂಗಗಳು ರೋಮನ್ ಸಂಕೇತಗಳ ಮರೆಯಲ್ಲಿದ್ದುದರಿಂದ, ಫಾಂಟಿನ ಹೆಸರನ್ನು ನೋಡಿಯಲ್ಲದೆ ಇದು ಕನ್ನಡ, ಇದು ಇಂಗ್ಲಿಷ್ ಎಂದು ಸ್ಕ್ರಿಪ್ಟಿಗೆ ತಿಳಿಯುತ್ತಿರಲಿಲ್ಲ. ಈಗ ಆ ಕಷ್ಟವಿಲ್ಲ. ಆದರೆ 'ಸ್ತ್ರೀ' ಎಂಬ ಒಂದು ಅಕ್ಷರ 6 ಸಂಕೇತಗಳಿಂದ ಆದುದಾದ್ದರಿಂದ, ಸಂಕೇತಗಳನ್ನು ಒಂದೊಂದಾಗಿ ಎಣಿಸಿ ಬಣ್ಣ ಹಚ್ಚಿದರೆ ಒತ್ತಕ್ಷರವು ಕಳಚಿ ವಿಕಾರಗೊಳ್ಳುವ ಸಂಭವವುಂಟು. ಪದ್ಯದ ಲಘುಗಳಿಗೆ ಒಂದು ಬಣ್ಣ, ಗುರುಗಳಿಗೆ ಇನ್ನೊಂದು ಬಣ್ಣ ಕೊಡುವ ಸ್ಕ್ರಿಪ್ಟನ್ನು ರಚಿಸಹೊರಟವನು ಮೊದಲು ಇಡಿಯ ಅಕ್ಷರವನ್ನು ಗುರುತಿಸಬೇಕು. ಬಳಿಕ, ಸಂಯುಕ್ತಾಕ್ಷರದ ಹಿಂದಿನದು ಗುರುವಾಗುವುದರಿಂದ, ಪ್ರತಿ ಅಕ್ಷರಕ್ಕೂ ಅದರ ಮುಂದಿನದನ್ನು ನೋಡಿಯೇ ಬಣ್ಣವನ್ನು ನಿರ್ಣಯಿಸಬೇಕು. ಇಷ್ಟಾದರೂ, ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿರುವ ಶಿಥಿಲದ್ವಿತ್ವವು ಎದುರಾದಲ್ಲಿ, ಒತ್ತು ಕಣ್ಣಿಗೆ ಕಂಡರೂ ಹಿಂದಿನ ಅಕ್ಷರ ಲಘುವಾಗಿಯೇ ನಿಲ್ಲಬಹುದಾದುದರಿಂದ, ಅಂತಹ ಸ್ಥಾನಗಳನ್ನು ಮೂರನೆಯ ಬಣ್ಣದಿಂದ ಗುರುತಿಸಿ, ಪದ್ಯದ ಗತಿಯನ್ನು ಬಲ್ಲ ಓದುಗನ ನಿರ್ಣಯಕ್ಕೆ ಬಿಡುವಂತೆ ಸ್ಕ್ರಿಪ್ಟನ್ನು ಬರೆಯಬೇಕಾಗುತ್ತದೆ.